ಸವೆದ ಟೈಮಿಂಗ್ ಚೈನ್: ಮೀಟರ್ ತೋರಿಸದ ಲೆಕ್ಕ

ಟೈಮಿಂಗ್ ಚೈನ್ ಎಂಬುದು ಎಂಜಿನ್ನಿನ ಮುಂಬದಿಯ ಮುಚ್ಚಳದ ಹಿಂದೆ, ಆಯಿಲ್‌ನಲ್ಲಿ ತೊಯ್ದುಕೊಂಡೇ ತಿರುಗುವ ಉಕ್ಕಿನ ಸರಪಳಿ. ಅದು ಮಾಲೀಕನ ಕಣ್ಣಿಗೆ ಒಮ್ಮೆಯೂ ಬೀಳದೆ ವರ್ಷಗಟ್ಟಲೆ ದುಡಿಯುವುದರಿಂದ, ಅದರ ಸವೆತವು ಗಮನಕ್ಕೆ ಬರುವ ಹೊತ್ತಿಗೆ ಹೆಚ್ಚಾಗಿ ತಡವಾಗಿರುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಕಾರು ಅನೇಕ ಮನೆಗಳಿಗೆ ಬಾಡಿಗೆಯ ದುಡಿಮೆಯೇ ಆಗಿದ್ದು, ಎಂಜಿನ್ ಬಿಚ್ಚುವಂಥ ದೊಡ್ಡ ಕೆಲಸಕ್ಕೆ ಕಲಬುರಗಿಯನ್ನೋ ಸೋಲಾಪುರವನ್ನೋ ನೆಚ್ಚಬೇಕಾಗಿ ಬರುವುದರಿಂದ, ಈ ಒಂದು ಸರಪಳಿಯ ಸ್ಥಿತಿಯನ್ನು ಹೊತ್ತಿಗೆ ಮುಂಚೆ ಅರಿಯುವುದಕ್ಕೂ ಅರಿಯದೆ ಇರುವುದಕ್ಕೂ ಖರ್ಚಿನಲ್ಲಿ ಅಜಗಜಾಂತರವಾಗುತ್ತದೆ. ಅದು ಎಷ್ಟು ಸವೆದಿದೆ ಎಂಬುದನ್ನು ಕಾರಿನ ಕಿಲೋಮೀಟರ್ ಮೀಟರ್ ಹೇಳುವುದಿಲ್ಲ. ಎಂಜಿನ್ ಎಷ್ಟು ಗಂಟೆ ತಿರುಗಿತು, ಯಾವ ಆಯಿಲ್‌ನಲ್ಲಿ ತಿರುಗಿತು ಎಂಬುದೇ ಅದರ ನಿಜವಾದ ಲೆಕ್ಕ.

ಚೈನ್ ಮಾಡುವ ಕೆಲಸ ಕೇಳುವುದಕ್ಕೆ ಸರಳವಾದದ್ದು. ಎಂಜಿನ್ನಿನ ಕೆಳಭಾಗದಲ್ಲಿ ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ಕ್ರ್ಯಾಂಕ್ ಶಾಫ್ಟ್ ಇರುತ್ತದೆ. ಮೇಲ್ಭಾಗದ ಹೆಡ್ಡಿನಲ್ಲಿ, ಗಾಳಿಯನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಹಾಕುವ ವಾಲ್ವುಗಳನ್ನು ಒತ್ತಿ ತೆರೆಯುವ ಕ್ಯಾಮ್ ಶಾಫ್ಟ್ ಇರುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕಾದ್ದರಿಂದ, ಮೇಲಿನ ಹಲ್ಲುಚಕ್ರಕ್ಕೆ ಕೆಳಗಿನದರ ಎರಡರಷ್ಟು ಹಲ್ಲುಗಳನ್ನಿಟ್ಟು, ಎರಡನ್ನೂ ಚೈನ್‌ನಿಂದ ಬಿಗಿದಿರುತ್ತಾರೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ ಮತ್ತು ಪ್ರತಿಯೊಂದು ವಾಲ್ವು ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಅತಿಯಾಗಿ ಅದುಮಬೇಕಾಗಿರುವುದರಿಂದ ಪಿಸ್ಟನ್ ತುತ್ತತುದಿಗೆ ಬಂದಾಗ ಅದರ ತಲೆಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ. ಆ ಕ್ಷಣದಲ್ಲಿ ವಾಲ್ವು ತೆರೆದುಕೊಂಡು ಕೆಳಗಿಳಿದಿದ್ದರೆ ಪಿಸ್ಟನ್ ಅದನ್ನು ಹೊಡೆದೇ ತೀರುತ್ತದೆ. ಹಾಗೆ ಹೊಡೆಯದಂತೆ ಇಡೀ ಎಂಜಿನ್ನಿನ ವೇಳಾಪಟ್ಟಿಯನ್ನು ಕಾಯುವುದು ಈ ಚೈನ್.

ಇಂಥ ಚೈನ್‌ನ ಮೂಲ ರೂಪಕ್ಕೆ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಎಂಜಿನಿಯರ್ ಹಾನ್ಸ್ ರೆನಾಲ್ಡ್ 1880ರಲ್ಲಿ ಪೇಟೆಂಟ್ ಪಡೆದನು. ಭಾರತದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಪೆಟ್ರೋಲ್ ಅಂಬಾಸಡರ್‌ನಲ್ಲಿಯೂ ಚೈನ್ ಇತ್ತು. ಆದರೆ ಅದರ ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಹತ್ತಿರದಲ್ಲೇ ಇದ್ದುದರಿಂದ ಚೈನ್ ಗಿಡ್ಡದ್ದಾಗಿತ್ತು, ಆದ್ದರಿಂದ ತೊಂದರೆಯೂ ಕಡಿಮೆಯಾಗಿತ್ತು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯು ತನ್ನ 1004 ಕಾರಿನಲ್ಲಿ ಚೈನ್‌ನ ಬದಲು ಹಲ್ಲುಳ್ಳ ರಬ್ಬರ್ ಬೆಲ್ಟನ್ನು ಬಳಸಿದ ಮೇಲೆ, ಅಗ್ಗವೂ ಸಪ್ಪಳವಿಲ್ಲದ್ದೂ ಆದ ಬೆಲ್ಟು ಜಗತ್ತಿನೆಲ್ಲೆಡೆ ಹಬ್ಬಿತು. ಬೆಲ್ಟಿನ ಕೊರತೆಯೆಂದರೆ ಅದು ಸೂಚನೆ ಕೊಡದೆ ಹರಿಯುತ್ತದೆ, ಹಾಗಾಗಿ ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕೆಂಬ ನಿಯಮವನ್ನು ಪಾಲಿಸಬೇಕಾಗುತ್ತದೆ. ಆ ಖರ್ಚನ್ನು ತಪ್ಪಿಸುವೆವೆಂದು ಹೇಳಿಕೊಂಡೇ ಕಂಪನಿಗಳು ಮತ್ತೆ ಚೈನ್‌ನತ್ತ ತಿರುಗಿದವು ಮತ್ತು ಎಂಜಿನ್ನಿನ ಆಯುಷ್ಯವಿರುವ ತನಕ ಚೈನ್ ಬಾಳುತ್ತದೆಂಬ ಮಾತನ್ನು ಗಿರಾಕಿಗಳ ಕಿವಿಗೆ ಹಾಕಿದವು. ಈ ಮಾತು ಪೂರ್ತಿ ಸುಳ್ಳಲ್ಲ. ಆಯಿಲ್ ಶುದ್ಧವಾಗಿದ್ದು ಕಾಲಕಾಲಕ್ಕೆ ಬದಲಾಗುತ್ತಿದ್ದರೆ ಎಂಬ ಷರತ್ತನ್ನು ಮಾತ್ರ ಅದು ಮೆಲ್ಲಗೆ ನುಂಗಿಕೊಂಡಿತು. ನಿಯಮವಿದ್ದ ಬೆಲ್ಟನ್ನು ಜನ ಬದಲಿಸಿದರು, ನಿಯಮವೇ ಇಲ್ಲದ ಚೈನನ್ನು ಮರೆತರು.

ಈ ಮೂರು ತಾಲ್ಲೂಕುಗಳ ರಸ್ತೆಗಳಲ್ಲಿ ಕಾಣುವ ವಾಹನಗಳನ್ನೇ ತೆಗೆದುಕೊಂಡರೆ ವ್ಯತ್ಯಾಸಗಳು ಸ್ಪಷ್ಟವಾಗುತ್ತವೆ. ಹೊಲದ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಚೈನೂ ಇಲ್ಲ, ಬೆಲ್ಟೂ ಇಲ್ಲ. ಗೇರುಗಳೇ ಒಂದನ್ನೊಂದು ತಿರುಗಿಸುವುದರಿಂದ ಈ ಚಿಂತೆ ಅದಕ್ಕೆ ತಟ್ಟುವುದಿಲ್ಲ. ಹಳೆಯ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಬೆಲ್ಟು ಇದ್ದರೆ, ಅನಂತರ ಬಂದ ಇನ್ನೋವಾ ಕ್ರಿಸ್ಟಾದ ಡೀಸೆಲ್ ಎಂಜಿನ್ನುಗಳಲ್ಲಿ ಚೈನ್ ಇದೆ. ಹಳ್ಳಿಯಿಂದ ಹಳ್ಳಿಗೆ ಜನರನ್ನು ತುಂಬಿಕೊಂಡು ಹೋಗುವ ಕ್ರೂಸರ್ ಗಾಡಿಯನ್ನು ತಯಾರಿಸುವ ಫೋರ್ಸ್ ಮೋಟರ್ಸ್, ಅಂದರೆ ಹಿಂದಿನ ಬಜಾಜ್ ಟೆಂಪೊ, ಅದಕ್ಕೆ ಬಳಸಿದ್ದು ಮರ್ಸಿಡಿಸ್‌ನ ಓಎಂ 616 ಎಂಬ ಡೀಸೆಲ್ ಎಂಜಿನ್ನಿನ ವಂಶದ ಎಂಜಿನ್. ಆ ಮೂಲ ಎಂಜಿನ್ನಿನ ಚೈನ್ ಜೋಡಿ ಸಾಲಿನದು, ಗಟ್ಟಿಮುಟ್ಟಾದದ್ದು. ಸ್ವಿಫ್ಟ್, ಡಿಜೈರ್, ಎರ್ಟಿಗಾ ಮತ್ತು ಟಾಟಾದ ವಿಸ್ಟಾ, ಜೆಸ್ಟ್ ಕಾರುಗಳ ಡೀಸೆಲ್ ಮಾದರಿಗಳಲ್ಲಿರುವುದು ಫಿಯಟ್ ರೂಪಿಸಿದ 1,248 ಸಿಸಿಯ ಮಲ್ಟಿಜೆಟ್ ಎಂಜಿನ್; 2007ರಲ್ಲಿ ಡೀಸೆಲ್ ಸ್ವಿಫ್ಟ್‌ನೊಂದಿಗೆ ಮಾರುತಿಯ ಮನೆಗೆ ಬಂದ ಇದು 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಜಾರಿಯಾಗಿ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸುವವರೆಗೂ ಟ್ಯಾಕ್ಸಿ ದಂಧೆಯ ಬೆನ್ನೆಲುಬಾಗಿತ್ತು. ಇದರ ಚೈನ್ ಒಂಟಿ ಸಾಲಿನದು, ಆಯಿಲ್ ಹಿಡಿಯುವುದು ಮೂರು ಲೀಟರಿನ ಆಸುಪಾಸು ಮಾತ್ರ. ಆಯಿಲ್ ಕಡಿಮೆ ಇದ್ದಷ್ಟೂ ಅದರಲ್ಲಿ ಒಂದರ್ಧ ಲೀಟರ್ ಸುಟ್ಟುಹೋದರೂ ಪರಿಣಾಮ ದೊಡ್ಡದು. 2020ರ ಮೊದಲು ಮಾರಾಟವಾದ ಈ ಕಾರುಗಳೇ ಇಂದು ಎರಡನೆಯ, ಮೂರನೆಯ ಕೈಗೆ ಬಂದಿರುವುದರಿಂದ ಚೈನ್‌ನ ಪ್ರಶ್ನೆ ಈಗ ಮುನ್ನೆಲೆಗೆ ಬಂದಿದೆ.

ಚೈನ್ ಉದ್ದವಾಗಿದೆ ಎಂದು ಗ್ಯಾರೇಜಿನಲ್ಲಿ ಹೇಳುವಾಗ ಉಕ್ಕು ರಬ್ಬರಿನಂತೆ ಹಿಗ್ಗಿದೆ ಎಂದು ಅರ್ಥವಲ್ಲ. ಪ್ರತಿ ಕೊಂಡಿಯಲ್ಲಿ ಒಂದು ಪಿನ್ನು, ಅದರ ಸುತ್ತ ಒಂದು ಬುಷ್ ಇದ್ದು, ಚೈನ್ ಹಲ್ಲುಚಕ್ರವನ್ನು ಬಳಸಿ ಬಾಗುವಾಗಲೆಲ್ಲ ಅವೆರಡೂ ಒಂದಕ್ಕೊಂದು ಉಜ್ಜುತ್ತವೆ. ನಡುವೆ ಆಯಿಲ್‌ನ ತೆಳುಪೊರೆ ಇರುವ ತನಕ ಸವೆತ ನಗಣ್ಯ, ಪೊರೆ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಲೆಕ್ಕಕ್ಕಾಗಿ 8 ಮಿಲಿಮೀಟರ್ ಅಂತರದ 130 ಕೊಂಡಿಗಳಿರುವ, ಅಂದರೆ 1,040 ಮಿಲಿಮೀಟರ್ ಉದ್ದದ ಚೈನ್ ಒಂದನ್ನು ಊಹಿಸಿಕೊಳ್ಳಬಹುದು. ಒಂದೊಂದು ಕೊಂಡಿಯಲ್ಲಿ 0.04 ಮಿಲಿಮೀಟರ್ ಸವೆದರೆ ಒಟ್ಟು ಚೈನ್ 5.2 ಮಿಲಿಮೀಟರ್ ಉದ್ದವಾಗುತ್ತದೆ. ಕ್ರ್ಯಾಂಕ್ ಎಳೆಯುವ ಬಿಗಿಬದಿಯಲ್ಲಿ 50 ಕೊಂಡಿಗಳಿದ್ದರೆ ಅಲ್ಲಿನ ಪಾಲು 2 ಮಿಲಿಮೀಟರ್. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲುಗಳಿದ್ದರೆ ಅದರ ಸುತ್ತಳತೆ 160 ಮಿಲಿಮೀಟರ್ ಆಗುವುದರಿಂದ, ಆ 2 ಮಿಲಿಮೀಟರ್ ಎಂದರೆ ವಾಲ್ವುಗಳು ಕ್ರ್ಯಾಂಕಿನ ಲೆಕ್ಕದಲ್ಲಿ ನಾಲ್ಕೂವರೆ ಡಿಗ್ರಿ ತಡವಾಗಿ ತೆರೆಯುತ್ತವೆ ಎಂದಾಯಿತು. ಇಷ್ಟಕ್ಕೆ ಎಂಜಿನ್ ಕೆಡುವುದಿಲ್ಲ, ಆದರೆ ಕೆಳವೇಗದ ಎಳೆತ ಕುಂದುತ್ತದೆ, ಮೈಲೇಜ್ ಇಳಿಯುತ್ತದೆ, ಬೆಳಿಗ್ಗೆ ಸೆಲ್ಫ್ ಹೆಚ್ಚು ಹೊತ್ತು ಹೊಡೆಯಬೇಕಾಗುತ್ತದೆ. ಸಡಿಲ ಇನ್ನೂ ಹೆಚ್ಚಿ ಚೈನ್ ಒಂದೇ ಒಂದು ಹಲ್ಲು ಜಿಗಿದರೆ ವ್ಯತ್ಯಾಸ ಒಮ್ಮೆಗೇ 18 ಡಿಗ್ರಿಯಾಗುತ್ತದೆ. ಪಿಸ್ಟನ್ನಿಗೂ ವಾಲ್ವಿಗೂ ಭೇಟಿಯಾಗುವ ಅಪಾಯ ಇಲ್ಲಿಂದ ಆರಂಭ.

ಉದ್ದವಾದ ಚೈನ್‌ನ ಸಡಿಲನ್ನು ತೆಗೆಯಲು ಟೆನ್ಷನರ್ ಎಂಬ ಭಾಗವಿದ್ದು, ಅದರೊಳಗಿನ ಸಣ್ಣ ಕೊಳವೆಯನ್ನು ಎಂಜಿನ್ ಆಯಿಲ್‌ನ ಒತ್ತಡವೇ ಮುಂದಕ್ಕೆ ತಳ್ಳಿ, ಪ್ಲಾಸ್ಟಿಕ್ ಹೊದಿಕೆಯ ಬಾಗಿದ ಪಟ್ಟಿಯೊಂದನ್ನು ಚೈನ್‌ಗೆ ಒತ್ತಿ ಹಿಡಿಯುತ್ತದೆ. ಈ ಪಟ್ಟಿಗಳನ್ನು ಗೈಡ್ ಎಂದು ಕರೆಯುತ್ತಾರೆ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಆಯಿಲ್ ಕೆಳಗಿಳಿದಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಒತ್ತಡ ಏರುವುದಿಲ್ಲ, ಆ ಎರಡು ಮೂರು ಸೆಕೆಂಡು ಸಡಿಲ ಚೈನ್ ಗೈಡಿಗೂ ಮುಚ್ಚಳಕ್ಕೂ ಬಡಿಯುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ಕೇಳಿ ನಿಲ್ಲುವ ಖರಖರ ಸಪ್ಪಳದ ಗುಟ್ಟು ಇದು. ಸಪ್ಪಳ ನಿಂತಿತೆಂದು ಸಮಾಧಾನಪಡುವವರೇ ಹೆಚ್ಚು. ನಿಂತದ್ದು ಸಪ್ಪಳವೇ ಹೊರತು ಸವೆತವಲ್ಲ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದ ಮೇಲೂ ನಿಂತಲ್ಲೇ ಸಪ್ಪಳ ಬರತೊಡಗಿದರೆ ಟೆನ್ಷನರ್ ತನ್ನ ಚಾಚಿನ ಕೊನೆಯನ್ನು ಮುಟ್ಟಿದೆ ಎಂದೇ ತಿಳಿಯಬೇಕು.

ಇನ್ನು ಈ ಸೀಮೆಯಲ್ಲಿ ಚೈನ್ ಏಕೆ ಬೇಗ ಸವೆಯುತ್ತದೆ ಎಂಬ ಪ್ರಶ್ನೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಜೇವರ್ಗಿಯಿಂದ ಸಿಂದಗಿ, ವಿಜಯಪುರದ ಕಡೆಗೆ ಒಂದೇ ಸಮನೆ ಓಡುವ ಕಾರಿಗೂ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹುಣ್ಣಿಮೆಯ ದಿನ ದತ್ತ ಭಕ್ತರನ್ನು ಕರೆತಂದು ಸಾಲಿನಲ್ಲಿ ತೆವಳುವ ಕಾರಿಗೂ ಕಿಲೋಮೀಟರಿನ ಲೆಕ್ಕ ಒಂದೇ, ಎಂಜಿನ್ನಿನ ಲೆಕ್ಕ ಬೇರೆ. ಗಂಟೆಗೆ ಸರಾಸರಿ 50 ಕಿಲೋಮೀಟರ್ ಓಡುವ ಕಾರು 10,000 ಕಿಲೋಮೀಟರನ್ನು 200 ಗಂಟೆಗಳಲ್ಲಿ ಮುಗಿಸಿದರೆ, ನಿಂತು ಕಾಯುವ ಹೊತ್ತನ್ನೂ ಸೇರಿಸಿ ಸರಾಸರಿ 20 ಕಿಲೋಮೀಟರ್ ಬೀಳುವ ಕಾರಿಗೆ ಅದೇ ದೂರಕ್ಕೆ 500 ಗಂಟೆ ಬೇಕು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳ ಮದುವೆ ಸುಗ್ಗಿಯಲ್ಲಿ ಕಲ್ಯಾಣ ಮಂಟಪದ ಮುಂದೆ, ಘತ್ತರಗಿಯ ಭಾಗ್ಯವಂತಿ ಗುಡಿಯ ಹತ್ತಿರ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಬಳಿ ಏಸಿ ಹಾಕಿಕೊಂಡು ನಿಂತ ಕಾರಿನ ಎಂಜಿನ್, ನಿಮಿಷಕ್ಕೆ 800 ಸುತ್ತಿನಂತೆ ಒಂದು ಗಂಟೆಗೆ 48,000 ಸುತ್ತು ತಿರುಗಿರುತ್ತದೆ. ಮೀಟರ್ ಮಾತ್ರ ಒಂದು ಅಂಕಿಯೂ ಕದಲಿರುವುದಿಲ್ಲ. ನಿಂತು ತಿರುಗುವಾಗ ಆಯಿಲ್ ಪಂಪಿನ ಒತ್ತಡ ಕಡಿಮೆಯಿರುತ್ತದೆ, ಎದುರಿನಿಂದ ಬೀಸುವ ಗಾಳಿಯಿಲ್ಲದೆ ಎಂಜಿನ್ ಕೊಠಡಿ ಕುದಿಯುತ್ತದೆ, ಡೀಸೆಲ್ ಸರಿಯಾಗಿ ಉರಿಯದೆ ಮಸಿ ಹುಟ್ಟುತ್ತದೆ.

ಈ ಮಸಿಯೇ ಚೈನ್‌ನ ಮುಖ್ಯ ವೈರಿ. ಕಣ್ಣಿಗೆ ಕಾಣದಷ್ಟು ಸಣ್ಣದಾದ, ಆದರೆ ಗಡಸಾದ ಮಸಿಯ ಕಣಗಳು ಆಯಿಲ್‌ನಲ್ಲಿ ಸೇರಿ ಪಿನ್ನು–ಬುಷ್‌ಗಳ ನಡುವೆ ಉಜ್ಜುಪುಡಿಯ ಕೆಲಸ ಮಾಡುತ್ತವೆ, ಫಿಲ್ಟರಿಗೆ ಅವುಗಳಲ್ಲಿ ಬಹುಪಾಲು ಸಿಕ್ಕುವುದೂ ಇಲ್ಲ. ಆಯಿಲ್ ಗುಣಮಟ್ಟವನ್ನು ನಿಗದಿಪಡಿಸುವ ಅಮೆರಿಕದ ಎಪಿಐ ಸಂಸ್ಥೆಯು 2020ರ ಮೇ ತಿಂಗಳಲ್ಲಿ ಪೆಟ್ರೋಲ್ ಎಂಜಿನ್ನುಗಳಿಗಾಗಿ ತಂದ ಎಸ್‌ಪಿ ಎಂಬ ದರ್ಜೆಯಲ್ಲಿ ಟೈಮಿಂಗ್ ಚೈನ್‌ನ ಸವೆತವನ್ನೇ ಅಳೆಯುವ ಪ್ರತ್ಯೇಕ ಪರೀಕ್ಷೆಯನ್ನು ಸೇರಿಸಿತು. ಚೈನ್‌ನ ಆಯುಷ್ಯ ಆಯಿಲ್‌ನಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಧೂಳು, ಬಿಸಿಲು, ನಿಂತು ಓಡುವ ಬಾಡಿಗೆ ಇವೆಲ್ಲವನ್ನೂ ಕಂಪನಿಗಳ ಮಾಲೀಕರ ಕೈಪಿಡಿಗಳೇ ಕಠಿಣ ಬಳಕೆ ಎಂದು ಹೆಸರಿಸಿ, ಆಯಿಲನ್ನು ಇನ್ನೂ ಬೇಗ ಬದಲಿಸಲು ಹೇಳುತ್ತವೆ. 10,000 ಕಿಲೋಮೀಟರಿನ ನಿಯಮವಿರುವ ಡೀಸೆಲ್ ಟ್ಯಾಕ್ಸಿಯಲ್ಲಿ ಅದನ್ನು 5,000ಕ್ಕೆ ಇಳಿಸಿಕೊಳ್ಳುವುದು ಈ ಸೀಮೆಗೆ ಹೊಂದುವ ಮಾತು. ಅಂಗಡಿಯಲ್ಲಿ ದಪ್ಪ ಆಯಿಲ್ ಒಳ್ಳೆಯದೆಂದು ಟ್ರ್ಯಾಕ್ಟರಿಗೆ ಹಾಕುವುದನ್ನೇ ಕಾರಿಗೂ ಸುರಿಯುವ ರೂಢಿ ಇದೆ. 5ಡಬ್ಲ್ಯೂ–30 ಎಂದು ಬರೆದಿರುವ ಎಂಜಿನ್ನಿಗೆ ಅದು ತಕ್ಕುದಲ್ಲ; ಮೊದಲ ಅಂಕಿ ತಣ್ಣಗಿರುವಾಗಿನ ಹರಿವನ್ನೂ ಎರಡನೆಯದು ಬಿಸಿಯಲ್ಲಿನ ದಪ್ಪವನ್ನೂ ಸೂಚಿಸುತ್ತದೆ, ದಪ್ಪ ಆಯಿಲ್ ಬೆಳಿಗ್ಗೆ ಟೆನ್ಷನರನ್ನು ತಲುಪಲು ಇನ್ನಷ್ಟು ತಡಮಾಡುತ್ತದೆ.

ಇಲ್ಲಿನ ಎರೆನೆಲಕ್ಕೂ ಇದರಲ್ಲಿ ಪಾಲಿದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ರಸ್ತೆಗಳು ತಗ್ಗುದಿನ್ನೆಯಾಗುತ್ತವೆ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಭೂಸನೂರ, ಹವಳಗಾದ ಸಕ್ಕರೆ ಕಾರ್ಖಾನೆಗಳ ಕಡೆಗೆ ಓಡುವ ತಿಂಗಳುಗಳಲ್ಲಂತೂ ಅಂಚುಗಳು ಕುಸಿಯುತ್ತವೆ. ತಗ್ಗು ಕಾರಿನ ಹೊಟ್ಟೆ ಕಲ್ಲಿಗೆ ತಾಗಿ ಆಯಿಲ್ ಚೇಂಬರ್ ಒಳಕ್ಕೆ ಬಾಗಿದರೆ, ಸೋರಿಕೆ ಇಲ್ಲವೆಂದು ಚಾಲಕ ಮುಂದೆ ಸಾಗುತ್ತಾನೆ. ಆದರೆ ಬಾಗಿದ ತಗಡು ಆಯಿಲ್ ಹೀರುವ ಜರಡಿಯ ಬಾಯಿಗೆ ಹತ್ತಿರವಾಗಿ ಪಂಪಿಗೆ ಆಯಿಲ್ ಸಾಲದಂತೆ ಮಾಡಬಹುದು, ಅದರ ಮೊದಲ ಪೆಟ್ಟು ಒತ್ತಡವನ್ನೇ ನಂಬಿರುವ ಟೆನ್ಷನರಿಗೆ ಬೀಳುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಂಥ ಪ್ರವಾಹದಲ್ಲಿ ನಿಂತ ವಾಹನಗಳ ಕಥೆ ಬೇರೆಯೇ. ಆಯಿಲ್‌ಗೆ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡದೆ ಟೋಚನ್ ಹಾಕಿ ಗ್ಯಾರೇಜಿಗೆ ಎಳೆಸುವುದೊಂದೇ ದಾರಿ.

ರೋಗವನ್ನು ಗುರುತಿಸುವಲ್ಲಿ ಅನುಭವಿ ಮಿಸ್ತ್ರಿಯ ಕಿವಿಗೆ ಇಂದಿಗೂ ಬೆಲೆಯಿದೆ, ಆದರೆ ಕಿವಿಯೊಂದೇ ಸಾಲದು. ಎಂಜಿನ್ನಿನ ಹೊರಗಿರುವ ಫ್ಯಾನ್ ಬೆಲ್ಟಿನ ಪುಲ್ಲಿ, ಆಲ್ಟರ್ನೇಟರಿನ ಬೇರಿಂಗು, ಇಂಜೆಕ್ಟರ್ ಇವೂ ಅದೇ ಬಗೆಯ ಸಪ್ಪಳ ಮಾಡುತ್ತವೆ. ಆದ್ದರಿಂದ ತಿಳಿದ ಮಿಸ್ತ್ರಿ ಮೊದಲು ಹೊರಗಿನ ಬೆಲ್ಟನ್ನು ಕಳಚಿ, ಎಂಜಿನ್ನನ್ನು ಕೆಲವೇ ಸೆಕೆಂಡು ಓಡಿಸಿ ನೋಡುತ್ತಾನೆ. ಸಪ್ಪಳ ಹೋದರೆ ದೋಷ ಹೊರಗಿದೆ, ಉಳಿದರೆ ಒಳಗಿದೆ. ಅನಂತರ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಟೈಮಿಂಗ್ ಮುಚ್ಚಳದ ಮೇಲಿಟ್ಟು ಹಿಡಿಕೆಗೆ ಕಿವಿಯೊಡ್ಡಿ, ಸಪ್ಪಳ ಟೆನ್ಷನರಿರುವ ಬದಿಯಿಂದ ಬರುತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ಇಳಿಸಿದ ಆಯಿಲನ್ನು ಬೆಳಕಿಗೆ ಹಿಡಿದಾಗ ಮಿನುಗುವ ಲೋಹದ ಪುಡಿ ಕಂಡರೆ, ಚೇಂಬರಿನಲ್ಲಿ ಕಂದು ಅಥವಾ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕರೆ, ಗೈಡು ಮುರಿಯತೊಡಗಿದೆ ಎಂದರ್ಥ. ಸ್ಕ್ಯಾನರ್ ಜೋಡಿಸಿದಾಗ ಪಿ0016 ಎಂಬ ಸಂಕೇತ ಬಂದರೆ, ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳು ಹೇಳುವ ಸ್ಥಾನಗಳು ತಾಳೆಯಾಗುತ್ತಿಲ್ಲ ಎಂದು ಕಂಪ್ಯೂಟರ್ ದೂರುತ್ತಿದೆ. ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟರೂ ಇದೇ ದೂರು ಬರಬಹುದಾದ್ದರಿಂದ, ಸಂಕೇತವೊಂದನ್ನೇ ನಂಬಿ ಚೈನ್ ಬಿಚ್ಚುವುದು ಅವಸರವಾದೀತು. ಮಲ್ಟಿಜೆಟ್‌ನಂಥ ಎಂಜಿನ್ನಿನಲ್ಲಿ ಸಂಶಯವಿದ್ದಾಗ ಕಾರನ್ನು ತಳ್ಳಿ ಸ್ಟಾರ್ಟ್ ಮಾಡುವುದನ್ನು ಬಿಡಬೇಕು, ಏಕೆಂದರೆ ಆಯಿಲ್ ಒತ್ತಡವಿಲ್ಲದ ಹೊತ್ತಿನಲ್ಲಿ ಬೀಳುವ ಆ ಜಗ್ಗಿಗೆ ಸಡಿಲ ಚೈನ್ ಹಲ್ಲು ಜಿಗಿಯುವ ಸಂಭವ ಹೆಚ್ಚು.

ದುರಸ್ತಿಯ ಕೆಲಸ ನಿಧಾನದ್ದು, ಕಷ್ಟಕ್ಕಿಂತ ಶಿಸ್ತನ್ನು ಬೇಡುವಂಥದ್ದು. ಮಲ್ಟಿಜೆಟ್‌ನ ಚೈನ್ ಕೊಂಡಿ ಬಿಚ್ಚಲಾಗದ ಮುಚ್ಚಿದ ಬಳೆಯಾಗಿರುವುದರಿಂದ, ಎಂಜಿನ್ನಿಗೆ ಆಧಾರ ಕೊಟ್ಟು, ಕ್ರ್ಯಾಂಕ್ ಪುಲ್ಲಿಯನ್ನೂ ಆಯಿಲ್ ಚೇಂಬರನ್ನೂ ಇಳಿಸಿ, ಮುಂಬದಿಯ ಮುಚ್ಚಳವನ್ನು ತೆಗೆಯದೆ ಗತ್ಯಂತರವಿಲ್ಲ. ಅದಕ್ಕೂ ಮೊದಲು ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಅವುಗಳ ಸರಿಯಾದ ಸ್ಥಾನದಲ್ಲಿ ಲಾಕಿಂಗ್ ಪಿನ್ನುಗಳಿಂದ ಬಂಧಿಸಬೇಕು. ಈ ಉಪಕರಣವಿಲ್ಲದೆ ಬಣ್ಣದ ಗುರುತು ಹಾಕಿಕೊಂಡು ಅಂದಾಜಿನಲ್ಲಿ ಮಾಡುವ ಕೆಲಸ ಹಲ್ಲೊಂದು ತಪ್ಪಿದರೂ ಎಂಜಿನ್ನನ್ನೇ ಬಲಿ ಕೊಡಬಲ್ಲುದು. ಗ್ಯಾರೇಜಿಗೆ ಕಾರು ಬಿಡುವ ಮುನ್ನ ಆ ಎಂಜಿನ್ನಿನ ಲಾಕಿಂಗ್ ಟೂಲ್ ಇದೆಯೇ, ಟಾರ್ಕ್ ಪಾನಾ ಇದೆಯೇ ಎಂದು ಕೇಳುವುದು ಮಾಲೀಕನ ಹಕ್ಕು. ಬೋಲ್ಟನ್ನು ಇಂತಿಷ್ಟೇ ಬಲದಿಂದ ಬಿಗಿಯಲು ಅಳತೆ ತೋರಿಸುವ ಪಾನಾಕ್ಕೆ ಟಾರ್ಕ್ ಪಾನಾ ಎಂದು ಹೆಸರು. ಹೊಸ ಚೈನ್, ಗೈಡು, ಟೆನ್ಷನರ್, ಹಲ್ಲುಚಕ್ರಗಳು, ಕ್ರ್ಯಾಂಕ್ ಸೀಲ್, ಪ್ಯಾಕಿಂಗು ಇವನ್ನೆಲ್ಲ ಒಟ್ಟಿಗೆ ಹಾಕಿದ ಮೇಲೆ, ಟೆನ್ಷನರಿನ ತಡೆಪಿನ್ನನ್ನು ಬಿಟ್ಟು, ಸೆಲ್ಫ್ ಮುಟ್ಟದೆ, ಪಾನಾದಿಂದ ಕೈಯಾರೆ ಕ್ರ್ಯಾಂಕನ್ನು ಓಟದ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ, ಲಾಕಿಂಗ್ ಪಿನ್ನುಗಳು ಮತ್ತೆ ತಮ್ಮ ರಂಧ್ರಕ್ಕೆ ಸಲೀಸಾಗಿ ಕೂರುತ್ತವೆಯೇ ಎಂದು ನೋಡಬೇಕು. ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಬೇಕು, ಅಲ್ಲಿ ವಾಲ್ವು ಪಿಸ್ಟನ್ನಿಗೆ ತಾಗುತ್ತಿದೆ. ಈ ಎರಡು ಸುತ್ತಿನ ಪರೀಕ್ಷೆಯನ್ನು ಬಿಟ್ಟು ಕೀಲಿ ತಿರುಗಿಸುವ ಗ್ಯಾರೇಜಿನಲ್ಲಿ ಇಂಥ ಕೆಲಸ ಮಾಡಿಸದಿರುವುದೇ ಲೇಸು.

ಕ್ರೂಸರ್ ಎಂಜಿನ್ನಿನ ಮೂಲವಾದ ಓಎಂ 616ರಲ್ಲಿ ಇದಕ್ಕಿಂತ ಜಾಣತನದ ದಾರಿಯೊಂದಿದ್ದು, ಅದನ್ನು ತಿಳಿದವರು ಮುಂಬದಿಯ ಮುಚ್ಚಳವನ್ನೇ ತೆಗೆಯುವುದಿಲ್ಲ. ಮೇಲಿನ ವಾಲ್ವ್ ಮುಚ್ಚಳ ತೆಗೆದು, ಕ್ಯಾಮ್ ಚಕ್ರದ ಮೇಲೆ ಹಳೆಯ ಚೈನ್‌ನ ಒಂದು ಕೊಂಡಿಯನ್ನು ಕತ್ತರಿಸಿ, ಅದರ ತುದಿಗೆ ಹೊಸ ಚೈನನ್ನು ಜೋಡಿಸಿ, ಒಬ್ಬನು ಕೆಳಗೆ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸುತ್ತಿರುವಾಗ ಇನ್ನೊಬ್ಬನು ಮೇಲೆ ಹಳೆಯದನ್ನು ಬಿಗಿಯಾಗಿ ಎಳೆದುಕೊಳ್ಳುತ್ತಾ ಹೊಸದನ್ನು ಹಲ್ಲು ತಪ್ಪದಂತೆ ಕೂರಿಸುತ್ತಾ ಹೋಗುತ್ತಾನೆ. ಒಂದು ಸುತ್ತು ಪೂರ್ತಿಯಾದಾಗ ಹಳೆಯ ಚೈನ್ ಹೊರಗೆ, ಹೊಸದು ಒಳಗೆ ಇರುತ್ತದೆ, ತುದಿಗಳನ್ನು ಹೊಸ ಕೊಂಡಿಯಿಂದ ಸೇರಿಸಿ ರಿವೆಟ್ ಹೊಡೆಯುತ್ತಾರೆ. ಎಳೆಯುವ ಕೈ ಒಂದು ಕ್ಷಣ ಸಡಿಲಿದರೂ ಚೈನ್ ಒಳಗೆ ಜಾರಿ ಇಡೀ ಕೆಲಸ ಹಾಳಾಗುವುದರಿಂದ ಇದನ್ನು ಒಬ್ಬನೇ ಮಾಡುವುದು ಸಲ್ಲದು. ಸವೆತ ಕೆಲವೇ ಡಿಗ್ರಿಗಳಷ್ಟಿದ್ದರೆ ಮರ್ಸಿಡಿಸ್ ಇನ್ನೊಂದು ಉಪಾಯವನ್ನೂ ಕೊಟ್ಟಿತ್ತು: ಕ್ಯಾಮ್ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಕೀಲನ್ನು ತೆಗೆದು, ಸ್ವಲ್ಪ ಓರೆಯಾಗಿ ಕಡೆದ ಬೇರೊಂದು ಕೀಲನ್ನು ಹಾಕಿದರೆ ತಡವಾಗಿದ್ದ ಟೈಮಿಂಗ್ ಮತ್ತೆ ಸರಿಹೊಂದುತ್ತದೆ. ಈ ಎಂಜಿನ್ನಿನಲ್ಲಿ ಡೀಸೆಲ್ ಪಂಪನ್ನೂ ಇದೇ ಚೈನ್ ತಿರುಗಿಸುವುದರಿಂದ ಸವೆತವು ಡೀಸೆಲ್ ಸಿಂಪಡಿಸುವ ಹೊತ್ತನ್ನೂ ತಡಮಾಡಿರುತ್ತದೆಂಬುದನ್ನು ಮರೆಯದೆ ಪಂಪಿನ ಟೈಮಿಂಗನ್ನೂ ನೋಡಬೇಕು. ಕೀಲು ಬದಲಿಸಿದರೆ ಟೈಮಿಂಗ್ ಸರಿಯಾಗುತ್ತದೆ, ಚೈನ್ ಹೊಸದಾಗುವುದಿಲ್ಲ.

ಚೈನ್ ಜಿಗಿದೋ ಹರಿದೋ ಎಂಜಿನ್ ದಾರಿಯಲ್ಲೇ ನಿಂತಿದ್ದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಆಗ ಸೆಲ್ಫ್ ಮತ್ತೆ ಮತ್ತೆ ಹೊಡೆದು ನೋಡುವುದು ಗಾಯದ ಮೇಲೆ ಬರೆ ಎಳೆದಂತೆ. ಒಂದು ವಾಲ್ವು ಬಾಗಿದ್ದುದು ನಾಲ್ಕಾಗಬಹುದು. ಹೆಡ್ಡನ್ನು ಇಳಿಸಿ, ಬಾಗಿದ ವಾಲ್ವುಗಳನ್ನೂ ಮುರಿದ ರಾಕರುಗಳನ್ನೂ ಬದಲಿಸಿ, ಪಿಸ್ಟನ್ನಿನ ತಲೆಯ ಮೇಲಿನ ಪೆಟ್ಟಿನ ಗುರುತು ಎಷ್ಟು ಆಳವೆಂದು ನೋಡಿ, ಹೆಡ್ಡು ಸೊಟ್ಟಗಾಗಿದ್ದರೆ ಲೇತ್ ಅಂಗಡಿಗೆ ಒಯ್ದು ಸಪಾಟು ಮಾಡಿಸಬೇಕಾಗುತ್ತದೆ. ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ಟೋಚನ್‌ನ ಬಾಡಿಗೆ, ಲೇತಿನ ಸರದಿ, ಬಿಡಿಭಾಗ ಬರುವ ತನಕದ ಕಾಯುವಿಕೆ ಇವೆಲ್ಲ ಸೇರಿದಾಗ ಸುಗ್ಗಿಯ ದಿನಗಳ ಬಾಡಿಗೆಯೂ ಕೈತಪ್ಪುತ್ತದೆ. ಸಪ್ಪಳದ ಹಂತದಲ್ಲಿ ಚೈನ್ ಸೆಟ್ಟಿಗೆ ಮುಗಿಯುತ್ತಿದ್ದ ಬಿಲ್ಲು ಈಗ ಅರ್ಧ ಎಂಜಿನ್ನಿನದಾಗುತ್ತದೆ.

ದುಡ್ಡು ಉಳಿಸುವ ನೆಪದಲ್ಲಿ ಟೆನ್ಷನರ್ ಒಂದನ್ನೇ ಬದಲಿಸುವ ರೂಢಿಯ ಬಗ್ಗೆ ಹೇಳಲೇಬೇಕು. ಹೊಸ ಟೆನ್ಷನರ್ ಹಳೆಯ ಚೈನನ್ನು ಇನ್ನಷ್ಟು ಒತ್ತಿ ಹಿಡಿಯುವುದರಿಂದ ಸಪ್ಪಳ ಕೆಲವು ತಿಂಗಳು ಅಡಗುತ್ತದೆ, ಗಿರಾಕಿಯೂ ಮೆಚ್ಚುತ್ತಾನೆ. ಆದರೆ ಚೈನ್‌ನ ಉದ್ದ ಹಾಗೇ ಇರುತ್ತದೆ, ಟೈಮಿಂಗ್ ತಡವಾಗಿಯೇ ಇರುತ್ತದೆ, ಇದ್ದ ಒಂದೇ ಎಚ್ಚರಿಕೆಯ ದನಿಯನ್ನು ಮಾತ್ರ ಹಣ ಕೊಟ್ಟು ಮುಚ್ಚಿಸಿದಂತಾಗುತ್ತದೆ. ಹೊಸ ಚೈನನ್ನು ಹಳೆಯ ಹಲ್ಲುಚಕ್ರಕ್ಕೆ ಹಾಕುವುದೂ ಇದೇ ಬಗೆಯ ಉಳಿತಾಯ. ಸವೆದ ಹಲ್ಲಿನ ತುದಿ ಒಂದು ಬದಿಗೆ ಬಾಗಿರುವುದರಿಂದ ಹೊಸ ಕೊಂಡಿಗಳೂ ಬೇಗ ಸವೆಯುತ್ತವೆ. ಹಳೆಯ ಸೈಕಲ್ಲಿಗೆ ಚೈನ್ ಮಾತ್ರ ಬದಲಿಸಿದವರಿಗೆ ಇದು ಗೊತ್ತಿರುವ ವಿಷಯವೇ.

ಹಣಕಾಸಿನ ಹೊಣೆ ಯಾರದೆಂಬ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಬೇರೂರಿದೆ. ಭಾರತದ ಸಾಮಾನ್ಯ ಮೋಟಾರು ವಿಮೆಯು, ಫುಲ್ ಇನ್ಶೂರೆನ್ಸ್ ಎಂದು ಕರೆಯಲಾಗುವ ಪ್ಯಾಕೇಜ್ ಪಾಲಿಸಿಯೂ ಸೇರಿದಂತೆ, ಸವೆತವನ್ನೂ ಯಾಂತ್ರಿಕ ವೈಫಲ್ಯವನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ತಾನಾಗಿಯೇ ಹರಿದ ಚೈನ್‌ಗೆ ವಿಮೆಯ ಹಣ ಸಿಗುವುದಿಲ್ಲ. ದುರಸ್ತಿಯೇ ಸರಿಯಾಗದೆ ಎಂಜಿನ್ ಕೆಟ್ಟರೆ ಮಾತ್ರ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಯ ದೂರನ್ನು ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ಸಲ್ಲಿಸಬಹುದು, ಅದಕ್ಕೆ ಭಾಗಗಳ ಹೆಸರು, ಸಂಖ್ಯೆ, ಕೂಲಿ ಎಲ್ಲವೂ ಬರೆದ ಬಿಲ್ಲು ಬೇಕು. ಚೀಟಿಯ ಮೇಲೆ ಒಟ್ಟು ಮೊತ್ತವೊಂದನ್ನೇ ಬರೆಸಿಕೊಂಡು ಬಂದವರಿಗೆ ಕಾಯ್ದೆಯ ನೆರವು ದೊರಕುವುದು ಕಷ್ಟ. ಬದಲಿಸಿದ ಹಳೆಯ ಚೈನನ್ನು ಕೇಳಿ ಪಡೆಯುವುದೂ ಒಳ್ಳೆಯದು. ಅದನ್ನು ಹೊಸದರ ಪಕ್ಕದಲ್ಲಿ ತೂಗುಹಾಕಿದರೆ ಎಷ್ಟು ಉದ್ದವಾಗಿದೆ ಎಂಬುದು ಬರಿಗಣ್ಣಿಗೇ ಕಾಣುತ್ತದೆ, ಹೊಸದನ್ನು ನಿಜವಾಗಿಯೂ ಹಾಕಿದ್ದಾರೆಂಬುದಕ್ಕೂ ಅದೇ ಗುರುತು.

ಗಡಿಗೆ ಅಂಟಿಕೊಂಡ ಆಳಂದ, ಅಫಜಲಪುರಗಳಲ್ಲಿ ಎಂಎಚ್ 13 ಸಂಖ್ಯೆಯ ಸೋಲಾಪುರದ ಕಾರನ್ನೋ ಪುಣೆಯಲ್ಲಿ ಟ್ಯಾಕ್ಸಿಯಾಗಿ ದುಡಿದ ಕಾರನ್ನೋ ಕೊಳ್ಳುವವರು ಮೀಟರಿನ ಅಂಕಿಗಿಂತ ಸರ್ವಿಸ್ ದಾಖಲೆಯನ್ನು ನಂಬಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಅಧಿಕೃತ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ದಾಖಲಾದ ಆಯಿಲ್ ಬದಲಾವಣೆಯ ದಿನಾಂಕಗಳನ್ನು ತಿರುಗಿಸುವುದು ಅಷ್ಟು ಸುಲಭವಲ್ಲ. ಕಾರು ನೋಡಲು ಹೋಗುವ ಮುನ್ನ ಎಂಜಿನ್ನನ್ನು ಸ್ಟಾರ್ಟ್ ಮಾಡಿಡಬಾರದೆಂದು ಮಾರುವವನಿಗೆ ತಿಳಿಸಿ, ಬಾನೆಟ್ ಮುಟ್ಟಿದಾಗ ತಣ್ಣಗಿದೆಯೇ ಎಂದು ಖಚಿತಪಡಿಸಿಕೊಂಡು, ಮೊದಲ ಸ್ಟಾರ್ಟನ್ನು ಬಾನೆಟ್ ತೆರೆದೇ ಕೇಳಬೇಕು. ತಣ್ಣಗಿರಬೇಕಾದ ಎಂಜಿನ್ ಬೆಚ್ಚಗಿದ್ದರೆ ಅಂದು ಕೊಳ್ಳದೆ ಮರುದಿನ ಬೆಳಿಗ್ಗೆ ಹೇಳದೆ ಹೋಗುವುದು ಉತ್ತಮ.

ಹೊಸ ಚೈನ್ ಹಾಕಿಸಿದ ಮೇಲೆ, ಬಿಚ್ಚಿದ ಎಂಜಿನ್ನಿನೊಳಗೆ ಉಳಿದಿರಬಹುದಾದ ಪುಡಿ, ಹಳೆಯ ಗೈಡಿನ ಚೂರು, ಮುಚ್ಚಳಕ್ಕೆ ಹಚ್ಚಿದ ಅಂಟಿನ ತುಣುಕು ಇವು ಆಯಿಲ್‌ನೊಂದಿಗೆ ಸುತ್ತುವುದರಿಂದ, ಮೊದಲ ಆಯಿಲನ್ನೂ ಫಿಲ್ಟರನ್ನೂ ಪೂರ್ಣ ಅವಧಿಗೆ ಕಾಯದೆ ಸಾವಿರ ಕಿಲೋಮೀಟರಿನ ಒಳಗೇ ಬದಲಿಸುವುದು ಒಳ್ಳೆಯ ಗ್ಯಾರೇಜುಗಳ ಪದ್ಧತಿ. ಅನಂತರ ವಾರಕ್ಕೊಮ್ಮೆ, ಕಾರು ಸಮತಟ್ಟಾದ ಜಾಗದಲ್ಲಿ ರಾತ್ರಿಯಿಡೀ ನಿಂತಿದ್ದಾಗ, ಡಿಪ್ ಸ್ಟಿಕ್ ತೆಗೆದು ಒರೆಸಿ ಮತ್ತೆ ಅದ್ದಿ ಆಯಿಲ್ ಮೇಲಿನ ಗೆರೆಗೆ ಹತ್ತಿರವಿದೆಯೇ ಎಂದು ನೋಡಬೇಕು. ಕೆಳಗಿನ ಗೆರೆಯನ್ನು ಮುಟ್ಟಿದ್ದರೆ ಅದೇ ದರ್ಜೆಯ ಆಯಿಲನ್ನು ತುಂಬಿಸಿಕೊಂಡು, ಬಾಡಿಗೆ ಪುಸ್ತಕದಲ್ಲಿ ಡೀಸೆಲ್‌ನ ಲೆಕ್ಕದ ಪಕ್ಕದಲ್ಲೇ ದಿನಾಂಕ ಸಹಿತ ಬರೆದಿಡಬೇಕು.